ನಮ್ಮ ಅಡ್ಡರಸ್ತೆಯಲ್ಲಿ ರಾಜ್ಯೋತ್ಸವ: ರಸ್ತೆ ಮುಚ್ಚೋಕೆ, ಪಾರ್ಕಿಂಗ್ ತಡೆಯೋಕೆ ಯಾರ ಅನುಮತಿ ಬೇಕು?

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನ ನಿಮ್ಮ ಬಡಾವಣೆಯ ಅಡ್ಡರಸ್ತೆಯಲ್ಲಿ ನವೆಂಬರ್ 1ರ ಸಂಜೆ ಸಂಘದ ಕಾರ್ಯಕ್ರಮ, ರಸ್ತೆ ಮುಚ್ಚಬೇಕು, ಎರಡೂ ಬದಿಯ ಕಾರುಗಳು ಅವತ್ತು ಇರಬಾರದು, ಪಾಲಿಕೆಗೆ ಹೋಗಬೇಕೋ, ಪೊಲೀಸರ ಹತ್ತಿರವೋ? ನಮ್ಮ ಸಂಘದಲ್ಲಿ ಈ ಕಾಗದಪತ್ರದ ಕೆಲಸವನ್ನು ಬಹಳ ವರ್ಷಗಳಿಂದ ನನ್ನ ತಲೆಗೇ ಕಟ್ಟಿದ್ದಾರೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳ್ತೀನಿ.

ಇಬ್ಬರ ಹತ್ತಿರವೂ ಹೋಗಬೇಕು. ರಸ್ತೆ ಪಾಲಿಕೆಯದ್ದು, ಅದರ ಮೇಲಿನ ಓಡಾಟ ಪೊಲೀಸರದ್ದು. ವೇದಿಕೆ, ಶಾಮಿಯಾನ, ಕಸ ಇವೆಲ್ಲ ಪಾಲಿಕೆಯ ವಿಷಯ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಿರೋದರಿಂದ, ನಿಮ್ಮ ಬೀದಿ ಯಾವುದಕ್ಕೆ ಸೇರುತ್ತೆ ಅಂತ ಮೊದಲೇ ನೋಡಿಕೊಳ್ಳಿ. ವಾಹನ ತಡೆಯೋದು, ಬೇರೆ ದಾರಿಗೆ ತಿರುಗಿಸೋದು, ಪಾರ್ಕಿಂಗ್ ನಿಷೇಧ ಇವು ಸಂಚಾರ ಪೊಲೀಸರ ಕೈಯಲ್ಲಿವೆ. ಜನ ಸೇರೋದಕ್ಕೆ, ಮೈಕಿಗೆ ಕಾನೂನು ಸುವ್ಯವಸ್ಥೆ ಠಾಣೆ. ಸಂಚಾರ ಠಾಣೆಯ ಗಡಿಯೂ ಈ ಠಾಣೆಯ ಗಡಿಯೂ ಒಂದೇ ಆಗಿರಬೇಕೆಂದಿಲ್ಲ. ದೀಪಕ್ಕೆ ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತಗೊಳ್ಳಿ, ಬೀದಿದೀಪದ ಕಂಬಕ್ಕೆ ಕೊಕ್ಕೆ ಹಾಕೋ ಪದ್ಧತಿ ಬೇಡ. ಗಣೇಶನ ಹಬ್ಬಕ್ಕಾದರೆ ಪಾಲಿಕೆ, ಪೊಲೀಸ್, ಬೆಸ್ಕಾಂ, ಅಗ್ನಿಶಾಮಕ ದಳ ಎಲ್ಲ ಒಂದೇ ಕಡೆ ಸಿಗೋ ಏಕಗವಾಕ್ಷಿ ವ್ಯವಸ್ಥೆ ಮಾಡ್ತಾ ಬಂದಿದ್ದಾರೆ. ನವೆಂಬರಿನ ಕಾರ್ಯಕ್ರಮಕ್ಕೆ ಆ ಅನುಕೂಲ ಇರುತ್ತೆ ಅಂತ ನಂಬಿ ಕೂರಬೇಡಿ.

ಅರ್ಜಿ ಬರೆಯೋದಕ್ಕೆ ಮುಂಚೆ ಸಂಚಾರ ಪೊಲೀಸರು ಚಿತ್ರಸಂತೆಗೆ ಹೊರಡಿಸೋ ಪ್ರಕಟಣೆಯನ್ನು ಒಂದ್ಸಲ ಓದಿ. ಪ್ರತಿ ಜನವರಿಯಲ್ಲಿ ಕುಮಾರಕೃಪಾ ರಸ್ತೆ ಇಡೀ ದಿನ ಚಿತ್ರ ಕಲಾವಿದರ ಪಾಲಾಗುತ್ತಲ್ಲ, ಅದಕ್ಕೆ. ಯಾವ ವೃತ್ತದಿಂದ ಯಾವ ವೃತ್ತದವರೆಗೆ ಬಂದ್, ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ, ಬದಲಿ ಮಾರ್ಗ ಯಾವುದು, ಗಾಡಿ ಎಲ್ಲಿ ನಿಲ್ಲಿಸಬಹುದು, ಎಲ್ಲಿ ನಿಲ್ಲಿಸಬಾರದು, ಅಷ್ಟೇ ಇರುತ್ತೆ ಅದರಲ್ಲಿ. ನಿಮ್ಮ ಅರ್ಜಿಯೂ ಅದೇ ಕ್ರಮದಲ್ಲಿರಲಿ. ಕನ್ನಡಾಂಬೆಯ ಸೇವೆ ಅಂತ ಒಂದು ಪುಟ ಪೀಠಿಕೆ ಬರೆದರೆ ಇನ್‌ಸ್ಪೆಕ್ಟರ್ ಓದಲ್ಲ. ಕೈಯಲ್ಲಿ ಬರೆದ ನಕ್ಷೆ ಕೊಟ್ಟರೆ ಓದ್ತಾರೆ. ನಕ್ಷೆಯಲ್ಲಿ ವೇದಿಕೆ, ಕುರ್ಚಿ, ಎರಡೂ ತುದಿಯ ಬ್ಯಾರಿಕೇಡ್, ಮುಖ್ಯವಾಗಿ ಅಗ್ನಿಶಾಮಕ ವಾಹನ, ಆಂಬುಲೆನ್ಸ್ ನುಗ್ಗೋಕೆ ಬಿಟ್ಟ ಜಾಗ ಕಾಣಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತ ಮೇಲೆ, ಜನ ಎಷ್ಟು ಬರ್ತಾರೆ, ಹೊಣೆ ಯಾರದ್ದು ಅನ್ನೋ ಪ್ರಶ್ನೆಗಳು ಮೊದಲಿನ ಹಾಗೆ ಕಾಟಾಚಾರಕ್ಕೆ ಬರಲ್ಲ. ಸ್ವಯಂಸೇವಕರ ಹೆಸರು, ಫೋನ್ ನಂಬರ್ ಜೊತೆಗೇ ಕೊಟ್ಟುಬಿಡಿ.

ಕೇಳೋದನ್ನು ಆದಷ್ಟು ಚಿಕ್ಕದಾಗಿ ಕೇಳಿ. ಇಡೀ ಬೀದಿ ಬೇಕಾ, ಒಂದು ಕ್ರಾಸಿನಿಂದ ಇನ್ನೊಂದು ಕ್ರಾಸಿನವರೆಗೆ ಸಾಕಾ? ಬೆಳಗ್ಗಿಂದಲೇ ಮುಚ್ಚಬೇಕಾ, ಮಧ್ಯಾಹ್ನ ಮೂರರ ಮೇಲೆ ಸಾಕಾ? ಶಾಮಿಯಾನ ಕಟ್ಟೋ, ಬಿಚ್ಚೋ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ, ಬಹಳ ಜನ ಅದನ್ನ ಬಿಟ್ಟುಬಿಡ್ತಾರೆ. ಬಿಎಂಟಿಸಿ ಬಸ್ಸು ಓಡಾಡೋ ರಸ್ತೆಯಾದರೆ ಆಸೆ ಬಿಟ್ಟು ಪಕ್ಕದ ಕ್ರಾಸ್ ನೋಡಿ. ಆಸ್ಪತ್ರೆ ಇದ್ದರೂ ಅಷ್ಟೇ: ಆಸ್ಪತ್ರೆ, ಶಾಲೆ, ಕೋರ್ಟು ಇರೋ ಕಡೆ ಸುತ್ತ 100 ಮೀಟರ್‌ವರೆಗೆ ನಿಶ್ಶಬ್ದ ವಲಯ ಅಂತ ಘೋಷಿಸೋ ಅವಕಾಶ 2000ದ ಶಬ್ದಮಾಲಿನ್ಯ ನಿಯಮದಲ್ಲಿದೆ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು ಅನ್ನೋದೂ ಅದೇ ನಿಯಮದ್ದು. ಆರ್ಕೆಸ್ಟ್ರಾದವರಿಗೆ ಒಂಬತ್ತೂವರೆ ಅಂತಲೇ ಹೇಳಿ.

ಈಗ ಪಾರ್ಕಿಂಗ್. ನನ್ನ ಕೇಳಿದರೆ ರಸ್ತೆ ಮುಚ್ಚೋದು ಸುಲಭ, ನಿಂತ ಕಾರು ಎತ್ತಿಸೋದೇ ಕಷ್ಟ. ನೋ ಪಾರ್ಕಿಂಗ್ ಬೋರ್ಡನ್ನು ನಾವೇ ಬರೆಸಿ ನಿಲ್ಲಿಸೋಕೆ ಅಧಿಕಾರ ಇಲ್ಲ. ಮೋಟಾರು ವಾಹನ ಕಾಯ್ದೆ ಪ್ರಕಾರ ಸಂಚಾರ ಫಲಕ ನಿಲ್ಲಿಸೋದು ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರ ಕೆಲಸ. ಮನೆ ಮುಂದೆ ಹೂಕುಂಡ ಇಟ್ಟು ಜಾಗ ಹಿಡಿಯೋ ನಮ್ಮೂರಲ್ಲಿ ಇದನ್ನ ಹೇಳಿದರೆ ನಗ್ತಾರೆ, ಇರಲಿ. ಅದೇ ಕಾಯ್ದೆಯ 115ನೇ ಕಲಮಿನಲ್ಲಿ ಒಂದು ಉಪಯೋಗದ ಮಾತಿದೆ: ವಾಹನ ನಿರ್ಬಂಧ ಒಂದು ತಿಂಗಳಿಗಿಂತ ಹೆಚ್ಚಿಲ್ಲದಿದ್ದರೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕಿಲ್ಲ, ಆದರೆ ಸ್ಥಳೀಯವಾಗಿ ಪ್ರಚಾರ ಮಾಡಲೇಬೇಕು. ಆದೇಶ ಅಧಿಕಾರಿಗಳದ್ದು, ಮನೆಮನೆಗೆ ತಿಳಿಸೋ ಓಡಾಟ ಮಾತ್ರ ನಮ್ಮ ಪಾಲಿಗೇ ಬರೋದು.

ಕರಪತ್ರ ಪ್ರತಿ ಗೇಟಿಗೂ ಹೋಗಲಿ, ವಾಟ್ಸಾಪ್ ಗುಂಪಿಗೆ ಹಾಕಿದರೆ ಮುಗಿಯಲ್ಲ. ಪಿಜಿಯಲ್ಲಿರೋ ಹುಡುಗರು ಆ ಗುಂಪಿನಲ್ಲಿ ಇರಲ್ಲ, ಬೈಕುಗಳು ಮಾತ್ರ ಸಾಲಾಗಿ ಇರ್ತಾವೆ. ಕವರ್ ಹೊದ್ದು ಧೂಳು ಹಿಡಿದು ನಿಂತ ಕಾರಿನ ಯಜಮಾನರು ಊರಲ್ಲೇ ಇರಲ್ಲ. ಅಂಥ ಗಾಡಿಯ ನಂಬರನ್ನು ವಾರ ಮುಂಚೆಯೇ ಸಂಚಾರ ಠಾಣೆಗೆ ಕೊಟ್ಟರೆ ಮಾಲೀಕರನ್ನು ಹುಡುಕೋಕೆ ಸಮಯ ಸಿಗುತ್ತೆ. ತೆಗೀರಿ ಅಂದ ಮೇಲೆ ಎಲ್ಲಿಡಲಿ ಅನ್ನೋದಕ್ಕೂ ಉತ್ತರ ಬೇಕಲ್ಲ? ನವೆಂಬರ್ 1ರಂದು ಶಾಲೆಗಳಲ್ಲಿ ಬೆಳಗ್ಗೆ ಧ್ವಜಾರೋಹಣ ಮುಗಿದರೆ ಮೈದಾನ ಖಾಲಿ. ಮುಖ್ಯೋಪಾಧ್ಯಾಯರನ್ನು ಕಂಡು ಒಂದು ಪತ್ರ ಪಡೆದು ಅರ್ಜಿಗೆ ಲಗತ್ತಿಸಿ. ಇಲ್ಲದಿದ್ದರೆ ಹತ್ತಿರದ ಛತ್ರ, ಅವತ್ತು ಮದುವೆ ಇಲ್ಲದಿದ್ದರೆ. ಡಯಾಲಿಸಿಸ್‌ಗೆ ಹೋಗುವವರು, ತುಂಬು ಗರ್ಭಿಣಿ ಇರೋ ಮನೆಗಳಿಗೆ ನೀವೇ ಹೋಗಿ ಮಾತಾಡಿ, ಅವರ ಗಾಡಿಯನ್ನ ಬ್ಯಾರಿಕೇಡಿನ ಆಚೆ ತುದಿಯಲ್ಲಿ ನಿಲ್ಲಿಸೋ ಏರ್ಪಾಡು ಮಾಡಿ. ನೀರಿನ ಟ್ಯಾಂಕರ್ ಬೆಳಗ್ಗೆಯೇ ಬಂದುಹೋಗಲಿ.

ಎಂಎಲ್‌ಎ ಕಡೆಯಿಂದ ಒಂದು ಫೋನ್ ಮಾಡಿಸಿ ಸಾಕು ಅನ್ನೋರು ನಿಮ್ಮ ಸಂಘದಲ್ಲೂ ಇರ್ತಾರೆ. ಮಾಡಿಸಿ, ತಪ್ಪೇನಿಲ್ಲ, ಆದರೆ ಫೋನಿನ ಜೊತೆ ನಕ್ಷೆ ಹೋಗಲ್ಲ. ಕಾರ್ಪೊರೇಟರ್ ಪತ್ರ ತರೋ ಹಳೇ ದಾರಿಯಂತೂ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಮುಚ್ಚಿಹೋಗಿತ್ತು. ಆಗಲೂ ಬೀದಿಗಳಲ್ಲಿ ಗಣೇಶ ಕೂತಿದ್ದಾನೆ.

ಠಾಣೆಯಲ್ಲಿ ಬಹಳ ಸಲ "ಆಯ್ತು, ಮಾಡ್ಕೊಳ್ಳಿ, ನೋಡ್ಕೊಳ್ತೀವಿ" ಅಂತ ಬಾಯಿಮಾತಲ್ಲೇ ಮುಗಿಸ್ತಾರೆ. ವಿನಯವಾಗಿಯೇ ಲಿಖಿತವಾಗಿ ಕೇಳಿ. ಅರ್ಜಿಯ ಎರಡನೇ ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳಿ, ಯಾವ ಶುಲ್ಕ ಕಟ್ಟಿದರೂ ರಸೀದಿ ಪಡೆಯಿರಿ. ಅಂದು ಸಂಜೆ ಗಸ್ತಿಗೆ ಬರೋರು ನೀವು ಮಾತಾಡಿದ ಅಧಿಕಾರಿಯೇ ಆಗಿರಬೇಕೆಂದಿಲ್ಲ. ಕನಿಷ್ಠ ಮೂರು ವಾರ ಮುಂಚೆ ಶುರು ಮಾಡಿ, ಆ ಹೊತ್ತಿಗೆ ದಸರಾ, ದೀಪಾವಳಿ ಬಂದೋಬಸ್ತಿನಲ್ಲಿ ಅವರೂ ಸಿಗೋದು ಕಷ್ಟ. ರಸ್ತೆಗೆ ಅನುಮತಿ ಸಿಗದಿದ್ದರೆ ಜಗಳಕ್ಕೆ ನಿಲ್ಲಬೇಡಿ, ಆ ಶಾಲೆಯ ಮೈದಾನದಲ್ಲೇ ಕಾರ್ಯಕ್ರಮ ಮಾಡಬಹುದಾ ಅಂತ ಮುಖ್ಯೋಪಾಧ್ಯಾಯರನ್ನೇ ಕೇಳಿ. ಆಗ ಕಾರುಗಳು ಎಲ್ಲಿದ್ದಾವೋ ಅಲ್ಲೇ ಇರಬಹುದು.