ಬಾಯಿಗೆ ಬರುತ್ತೆ, ಮನಸ್ಸಿಗೆ ಬರ್ತಿಲ್ಲ

ಪ್ರಶ್ನೆ: ನಾನು ಸಂಡೇ ಸ್ಕೂಲ್ ಟೀಚರ್. ಚಿಕ್ಕವಳಿದ್ದಾಗಿಂದ ಸತ್ಯವೇದ (ಬೈಬಲ್) ಕ್ವಿಜ್‌ನಲ್ಲಿ ಪ್ರೈಜ್ ತಗೊಂಡವಳು, ಯಾವ ವಾಕ್ಯ ಎಲ್ಲಿದೆ ಅಂತ ಕೇಳಿದರೂ ಥಟ್ಟನೆ ಹೇಳುತ್ತೇನೆ. ಹೋದ ತಿಂಗಳು ಅಮ್ಮನಿಗೆ ಆಪರೇಷನ್ ಆಯಿತು. ಹೊರಗೆ ಬೆಂಚಿನ ಮೇಲೆ ಕೂತು 23ನೇ ಕೀರ್ತನೆ ಪೂರ್ತಿ ಹೇಳಿಕೊಂಡೆ. ಮಗ್ಗಿ ಒಪ್ಪಿಸಿದ ಹಾಗಾಯಿತು, ಭಯ ಒಂಚೂರೂ ಇಳಿಯಲಿಲ್ಲ. ಓದು ಬಾರದ ನಮ್ಮ ಅಜ್ಜಿ ಪಕ್ಕದಲ್ಲೇ "ಅಪ್ಪಾ, ನೀನೇ ನೋಡ್ಕೋ" ಅಂದು ಸೆರಗು ಹೊದ್ದು ನಿದ್ದೆ ಮಾಡಿದರು. ಅಮ್ಮ ಈಗ ಚೆನ್ನಾಗಿದ್ದಾರೆ. ಆದರೆ ನನಗೆ ನಿಜವಾಗಿ ನಂಬಿಕೆ ಇದೆಯಾ? ಇಲ್ಲದಿದ್ದರೆ ಮಕ್ಕಳಿಗೆ ಪಾಠ ಮಾಡುವುದು ಮೋಸ ಅಲ್ವಾ?
– ಹೆಸರು ಬೇಡ, ಹಾಸನ

ಉತ್ತರ: ಅಜ್ಜಿ ನಿದ್ದೆ ಮಾಡಿದ್ದು ಓದಿ ನನಗೆ ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ.

ಇದೇ ಪ್ರಶ್ನೆ ಹೊತ್ತು ತಿರುಗಿದವರು ಜಾನ್ ವೆಸ್ಲಿ. ಮೈಸೂರಿನ ವೆಸ್ಲಿ ಚರ್ಚಿಗೆ ಇರುವುದು ಅವರದೇ ಹೆಸರು. ಆಕ್ಸ್‌ಫರ್ಡಿನಲ್ಲಿ ಪಾಠ ಹೇಳಿದವರು, ದೀಕ್ಷೆ ಪಡೆದ ಪಾದ್ರಿ. 1736ರ ಜನವರಿಯಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಹೋಗುವಾಗ ಹಡಗು ಬಿರುಗಾಳಿಗೆ ಸಿಕ್ಕಿತು. ಅಲೆ ಬಡಿದು ದೊಡ್ಡ ಹಾಯಿ ಚಿಂದಿಯಾಯಿತು. ಇಂಗ್ಲಿಷರು ಕಿರುಚಾಡುತ್ತಿದ್ದರೆ ಮೊರೇವಿಯನ್ ಅನ್ನುವ ಕ್ರೈಸ್ತ ಪಂಗಡದ ಜರ್ಮನ್ನರು ಸುಮ್ನೆ ಹಾಡು ಮುಂದುವರಿಸಿದರು. ಹೆದರಿಕೆ ಆಗಲಿಲ್ವಾ ಅಂತ ಆಮೇಲೆ ವೆಸ್ಲಿ ಕೇಳಿದರೆ, ನಮ್ಮ ಹೆಂಗಸರು ಮಕ್ಕಳಿಗೂ ಸಾವಿನ ಭಯ ಇಲ್ಲ ಎಂದರು. ನಿಮ್ಮ ಅಜ್ಜಿ ಥರದವರೇ. ವೆಸ್ಲಿಗೆ ಗೊತ್ತಿದ್ದ ವಾಕ್ಯ ಕಮ್ಮಿ ಏನಲ್ಲ, ಆದರೂ ಅವರಿಗೆ ಭಯ ಇತ್ತು.

1738ರಲ್ಲಿ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ, ಅದೂ ಒಲ್ಲದ ಮನಸ್ಸಿನಿಂದ, ಹೋದಾಗ ಅವರ ಎದೆ ಬೆಚ್ಚಗಾಯಿತು, ಕ್ರಿಸ್ತನನ್ನೇ ನೆಚ್ಚಿದ್ದೇನೆ ಅನ್ನಿಸಿತು. ಮೇ 24, ರಾತ್ರಿ ಒಂಬತ್ತಕ್ಕೆ ಕಾಲು ಗಂಟೆ ಇತ್ತು. ಚರ್ಚಿನ ಪ್ರಸಂಗಗಳಲ್ಲಿ, ಅಂದರೆ ಉಪದೇಶಗಳಲ್ಲಿ, ಈ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಆದರೆ ಸ್ವಲ್ಪ ಹೊತ್ತಿಗೇ, ಸಂತೋಷವೇ ಇಲ್ಲವಲ್ಲ, ಇದೆಂಥ ನಂಬಿಕೆ ಅನ್ನುವ ಅನುಮಾನ ಮತ್ತೆ ಬಂತು. 1739ರ ಜನವರಿಯಲ್ಲಂತೂ ನಾನು ಈಗಲೂ ಕ್ರೈಸ್ತನಲ್ಲ ಅಂತ ದಿನಚರಿಯಲ್ಲಿ ಬರೆದುಕೊಂಡರು! ಭಯ ಇಳಿಯಲಿಲ್ಲ ಅಂತ ನಂಬಿಕೆಯನ್ನು ಅಳೆಯಲು ಹೋಗಬೇಡಿ.

ಹಾಗಂತ ನಿಮ್ಮ ಅನುಮಾನ ಪೂರ್ತಿ ತಪ್ಪೂ ಅಲ್ಲ. ದೇವರು ಒಬ್ಬನೇ ಅಂತ ದೆವ್ವಗಳಿಗೂ ಗೊತ್ತು, ಗೊತ್ತಿದ್ದೇ ನಡುಗುತ್ತವೆ ಅಂತ ಯಾಕೋಬನ ಪತ್ರಿಕೆಯಲ್ಲೇ ಇದೆ. ನೀವು ಹೇಳಿಕೊಂಡ ಕೀರ್ತನೆಯನ್ನು ಇನ್ನೊಮ್ಮೆ ನೋಡಿ. ಮೊದಲ ಮೂರು ವಾಕ್ಯಗಳಲ್ಲಿ ದೇವರು 'ಆತನು'. ಹಸಿರುಗಾವಲು, ನೀರು, ದಾರಿ ಎಲ್ಲ ಆತನ ಬಗ್ಗೆ. ನಾಲ್ಕನೆಯದರಲ್ಲಿ ಕತ್ತಲ ಕಣಿವೆ ಬರುತ್ತದೆ, ಅಲ್ಲಿಂದ 'ನೀನು'. ಕ್ವಿಜ್‌ನಲ್ಲಿ ಇದನ್ನು ಕೇಳಿದ್ದು ನಾನಂತೂ ನೋಡಿಲ್ಲ. ನೀವು ಆರೂ ವಾಕ್ಯ ತಪ್ಪಿಲ್ಲದೆ ಒಪ್ಪಿಸಿದಿರಿ, ಯಾರಿಗೆ ಒಪ್ಪಿಸುತ್ತಿದ್ದೀರಿ ಅನ್ನುವುದು ಗಾಬರಿಯಲ್ಲಿ ಮರೆತುಹೋಯಿತು. ಅಜ್ಜಿ ಸೀದಾ ನಾಲ್ಕನೆಯದಕ್ಕೇ ಹೋಗಿದ್ದರು.

ನಿಮಗೆ ಸ್ವಂತ ಮಾತು ಹೊಳೆಯದಿದ್ದರೆ ಮಾರ್ಕನ ಸುವಾರ್ತೆ 9ನೇ ಅಧ್ಯಾಯದ ಆ ಅಪ್ಪನ ಮಾತು ಸಾಕು. ಮಗನ ಕಾಯಿಲೆಯಿಂದ ಕಂಗೆಟ್ಟು, ನಂಬುತ್ತೇನೆ, ಆದರೆ ನಂಬಿಕೆ ಸಾಲುತ್ತಿಲ್ಲ, ನೀನೇ ಸಹಾಯ ಮಾಡು ಅಂದುಬಿಟ್ಟ. ಯೇಸು ಅವನನ್ನು ವಾಪಸ್ ಕಳಿಸಲಿಲ್ಲ, ಹುಡುಗ ಗುಣವಾದ.

ಇನ್ನು ಪಾಠದ ವಿಷಯ. ವೆಸ್ಲಿಯೂ ಆಲ್ಡರ್ಸ್‌ಗೇಟಿಗಿಂತ ಮುಂಚೆ, ನಂಬಿಕೆ ಇಲ್ಲದ ನಾನು ಪ್ರಸಂಗ ಬಿಟ್ಟುಬಿಡಲೇ ಅಂತ ಮೊರೇವಿಯನ್ ಗೆಳೆಯ ಪೀಟರ್ ಬೋಲರ್ ಅವರನ್ನು ಕೇಳಿದ್ದರು. ಬಿಡಲೇಬೇಡ, ನಂಬಿಕೆ ಸಿಗುವ ತನಕ ನಂಬಿಕೆಯನ್ನೇ ಸಾರು ಎಂದರು ಬೋಲರ್. ನೀವೂ ಭಾನುವಾರದ ಕ್ಲಾಸ್ ತಪ್ಪಿಸಬೇಡಿ. ಬಾಯಿಪಾಠ ಮಾಡಿಸಿ, ಜೊತೆಗೆ ಆ ಬೆಂಚಿನ ಕಥೆಯನ್ನೂ ಹೇಳಿ. ಪ್ರೈಜ್ ಸಿಗದ ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ.