ಯಂತ್ರ ಇರುವಾಗ ಹುಳು ಯಾಕೆ?

ಮಣ್ಣಿನ ಹುಳುಗಳ ಜೀನು ನೋಡಿ ಮಾಲಿನ್ಯ ಪತ್ತೆ ಮಾಡುವ ಬಗ್ಗೆ ನಾವು ಬರೆದಿದ್ದನ್ನು ಓದಿ ನೀವು ಕೇಳಿದ್ದೀರಿ: ‘ಮಣ್ಣಿನಲ್ಲಿ ಸೀಸ ಎಷ್ಟು, ಕ್ಯಾಡ್ಮಿಯಂ ಎಷ್ಟು ಅಂತ ಯಂತ್ರವೇ ಹೇಳುತ್ತದೆ. ಮತ್ತೆ ಹುಳುವಿನ ಗೋಜು ಯಾಕೆ? ಹೊಲದಲ್ಲಿ ಎರೆಹುಳು ಕಂಡರೆ ಸಾಕಲ್ವಾ?’

ಯಂತ್ರ ಹೇಳುವುದು ಒಟ್ಟು ಎಷ್ಟಿದೆ ಅಂತ. ಅದರಲ್ಲಿ ಜೀವಿಯ ಮೈಯೊಳಗೆ ಹೋಗುವುದೆಷ್ಟು ಅನ್ನುವುದು ಬೇರೆಯೇ ಲೆಕ್ಕ. ಅಷ್ಟೇ ಕ್ಯಾಡ್ಮಿಯಂ ಹುಳಿ ಮಣ್ಣಿನಲ್ಲಿ ಸುಲಭವಾಗಿ ಬಿಟ್ಟುಕೊಳ್ಳುತ್ತದೆ, ಜೇಡಿ ಜಾಸ್ತಿ ಇರುವ ಮಣ್ಣಿನಲ್ಲಿ ಕಚ್ಚಿಕೊಂಡು ಕೂರುತ್ತದೆ. ಜೊತೆಗೆ, ನಾವು ಹುಡುಕದೇ ಇರುವ ವಿಷವನ್ನು ಯಂತ್ರ ತಾನಾಗಿ ಹೇಳುವುದಿಲ್ಲ.

ಫೋಲ್ಸೋಮಿಯಾ ಕ್ಯಾಂಡಿಡಾ ಅಂತ ಒಂದು ಸ್ಪ್ರಿಂಗ್‌ಟೇಲ್ ಇದೆ, ಅಂದರೆ ಮಣ್ಣಿನಲ್ಲಿರುವ, ಚಿಮ್ಮಿ ಹಾರುವ ಪುಟ್ಟ ಜೀವಿ. ಬಿಳಿ ಮೈ, ಕಣ್ಣಿಲ್ಲ, ಒಂದೆರಡು ಮಿಲಿಮೀಟರ್ ಉದ್ದ. ಇದನ್ನು ಪರೀಕ್ಷೆಯ ಮಣ್ಣಿಗೆ ಬಿಟ್ಟು, 28 ದಿನ ಕಾದು, ಮರಿ ಎಣಿಸುತ್ತಾರೆ. ಎರೆಹುಳುವಿಗಾದರೆ 56 ದಿನ. ಮರಿ ಕಡಿಮೆ ಬಂದರೆ ಮಣ್ಣಿನಲ್ಲಿ ಏನೋ ಕೆಟ್ಟಿದೆ ಅಂತ ತಿಳಿಯುತ್ತದೆ, ಏನು ಅಂತ ತಿಳಿಯುವುದಿಲ್ಲ.

ಜೀನು ಬರುವುದು ಇಲ್ಲಿ. ವಿಷ ತಾಕಿದಾಗ ಜೀವಿ ಸುಮ್ನೆ ಸಾಯುವುದಿಲ್ಲ, ಮೊದಲು ಹೋರಾಡುತ್ತದೆ, ಮತ್ತು ಆ ಹೋರಾಟಕ್ಕೆ ಬೇಕಾದ ಜೀನುಗಳು ಚುರುಕಾಗುತ್ತವೆ. ಕ್ಯಾಡ್ಮಿಯಂ ಬಂದರೆ ಲೋಹವನ್ನು ಹಿಡಿದಿಡುವ ಮೆಟಾಲೋಥಯೋನಿನ್ ಎಂಬ ಪ್ರೋಟೀನಿನ ಜೀನು, ಟಾರಿನಂಥ ವಿಷ ಬಂದರೆ ಅದನ್ನು ಒಡೆಯುವ ಕಿಣ್ವಗಳ ಜೀನು. ಚುರುಕಾದ ಜೀನಿನಿಂದ ಆರ್‌ಎನ್‌ಎ ಎಂಬ ನಕಲು ಹೊರಡುತ್ತದೆ; ಎರಡು ಮೂರು ದಿನದಲ್ಲೇ ಅದನ್ನು ತೆಗೆದು ಇದನ್ನು ಓದಬಹುದು. ಈ ಸ್ಪ್ರಿಂಗ್‌ಟೇಲ್‌ನ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್‌ಎ ಬರಹ, 2017ರಲ್ಲಿ ಪ್ರಕಟವಾಯಿತು, ಅದರಲ್ಲಿ 28,000ಕ್ಕೂ ಹೆಚ್ಚು ಜೀನುಗಳು! ಗಂಡಿಲ್ಲದೆ ಮರಿ ಮಾಡುವುದರಿಂದ ಒಂದೇ ತಾಯಿಯ ಸಂತತಿಯಲ್ಲಿ ಜೀನು ಹೆಚ್ಚುಕಡಿಮೆ ಒಂದೇ. ಹಾಗಾಗಿ ಎರಡು ಮಣ್ಣುಗಳನ್ನು ಹೋಲಿಸಿದಾಗ ಕಾಣುವ ವ್ಯತ್ಯಾಸ ಮಣ್ಣಿನದೇ ಅಂತ ಧೈರ್ಯವಾಗಿ ಹೇಳಬಹುದು.

ಹಾಗಂತ ಜೀನು ಚುರುಕಾದದ್ದೆಲ್ಲ ಹಾನಿಯಲ್ಲ. ಬಿಸಿಲು, ಒಣ ಮಣ್ಣು ಕೂಡ ಕೆಲವು ಜೀನುಗಳನ್ನು ಎಬ್ಬಿಸುತ್ತವೆ. ಅದಕ್ಕೇ ನನ್ನ ಮಟ್ಟಿಗೆ ಇದು ಮೊದಲ ಸುಳಿವು. ಅನುಮಾನ ಬಂದ ಮಣ್ಣಿಗೆ 28 ದಿನದ ಪರೀಕ್ಷೆಯೂ ಬೇಕು, ಯಂತ್ರವೂ ಬೇಕು.

ಇನ್ನು ಎರೆಹುಳುವಿನ ಮಾತು. ಅದು ಇದೆ ಅಂದಮಾತ್ರಕ್ಕೆ ಮಣ್ಣು ಚೊಕ್ಕ ಅಂತಲ್ಲ. ಲುಂಬ್ರಿಕಸ್ ರುಬೆಲ್ಲಸ್ ಎಂಬ ಎರೆಹುಳು ಹಳೆಯ ಸೀಸದ ಗಣಿಗಳ ಜಾಗದಲ್ಲೂ ಬದುಕಿದೆ, ಸೀಸವನ್ನು ಮೈಯೊಳಗೇ ಕೂಡಿಟ್ಟುಕೊಂಡು. ಅಂಥ ಹುಳುವನ್ನು ತಿಂದ ಹಕ್ಕಿಯ ಹೊಟ್ಟೆಗೆ ಆ ಸೀಸವೂ ಹೋಗುತ್ತದೆ.

– ಸಂಪಾದಕ