ಉಳಿದ ಮೂರು ಪುಟ

ಪತ್ರದ ಸಾರ: "ದಾವಣಗೆರೆಯಲ್ಲಿ ನಮ್ಮದು ಮಂಡಕ್ಕಿ ಭಟ್ಟಿ. ಸಾಲ ಜಾಸ್ತಿಯಾಗಿದೆ. ಏಳು ವರ್ಷದ ಮಗ ತಂಗಿಗೆ ಹೊಡೆಯುತ್ತಾನೆ, ಎಲ್ಲದಕ್ಕೂ ಎದುರಾಡುತ್ತಾನೆ. ಹಾಸಿಗೆ ಒದ್ದೆ ಮಾಡುವುದು ನಿಂತಿತ್ತು, ಈಗ ಮತ್ತೆ ಶುರುವಾಗಿದೆ. ಹೊಡೆದರೂ ಬಗ್ಗಲ್ಲ. ಇವನನ್ನು ತಿದ್ದುವುದು ಹೇಗೆ?" (ಹೆಸರು ಬೇಡ ಎಂದಿದ್ದಾರೆ)

ಅಕ್ಕಾ,

ನಿಮ್ಮ ಪತ್ರ ನಾಲ್ಕು ಪುಟ. ಅದರಲ್ಲಿ ಮಗನ ವಿಷಯ ಒಂದೇ ಪುಟ. ಉಳಿದ ಮೂರರಲ್ಲಿ ಸಾಲಗಾರರ ಫೋನು, ಯಜಮಾನರ ಮೌನ, ನಿಮ್ಮ ಸುಸ್ತು. ನಾನು ಆ ಮೂರು ಪುಟಗಳನ್ನೇ ಎರಡೆರಡು ಸಲ ಓದಿದೆ.

ಮೊದಲು ಹಾಸಿಗೆಯ ವಿಷಯ. ನಿಂತದ್ದು ಮತ್ತೆ ಶುರುವಾದರೆ ಮೂತ್ರದ ಸೋಂಕು, ಮಲಬದ್ಧತೆ, ಅಪರೂಪಕ್ಕೆ ಸಕ್ಕರೆ ಕಾಯಿಲೆಯೂ ಕಾರಣ ಇರಬಹುದು. ಮಕ್ಕಳ ಡಾಕ್ಟರಿಗೆ ತೋರಿಸಿ. ನೀರು ವಿಪರೀತ ಕುಡಿಯುತ್ತಿದ್ದರೆ, ತೂಕ ಇಳಿದಿದ್ದರೆ ಇವತ್ತೇ ಹೋಗಿ. ಅವೇನೂ ಇಲ್ಲದಿದ್ದರೆ ಮನಸ್ಸಿನ ಕಳವಳ ಇರಬಹುದು. ಹೊಡೆಯಬೇಡಿ. ನಿದ್ದೆಯಲ್ಲಿ ಆಗುವುದಕ್ಕೆ ಅವನೇನು ಮಾಡಿಯಾನು?

ಇನ್ನು ಹಠ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಮತ್ತು ಜೊತೆಗಾರರು ಮನೆಮನೆಗೆ ಹೋಗಿ ಇಂಥ ಜಗಳಗಳನ್ನು ಕೂತು ನೋಡಿದವರು. ತಾಯಿ ಗದರುತ್ತಾಳೆ, ಮಗು ಕಿರುಚುತ್ತದೆ, ಸೋತ ತಾಯಿ ಬಿಟ್ಟುಕೊಡುತ್ತಾಳೆ. ಕಿರುಚಿದರೆ ಗೆಲ್ಲಬಹುದು ಅಂತ ಮಗು ಕಲಿಯಿತು. ಬಿಟ್ಟುಕೊಟ್ಟರೆ ಮನೆ ತಣ್ಣಗಾಗುತ್ತದೆ ಅಂತ ತಾಯಿ ಕಲಿತಳು. ನೀವೇ ಬರೆದಿದ್ದೀರಲ್ಲ, "ಇವತ್ತು ಹೊಡೀತೀನಿ, ನಾಳೆ ಪಾಪ ಅಂತ ಮೊಬೈಲ್ ಕೊಡ್ತೀನಿ" ಅಂತ. ಇದೂ ಅದೇ ಅಲ್ವಾ? ಬೈಯುತ್ತಿಲ್ಲ ಅಕ್ಕಾ. ಪತ್ರಿಕೆ ಅಚ್ಚಿಗೆ ಹೋಗುವ ವಾರ ನನ್ನ ಕೂಗಾಟವೂ ಜಾಸ್ತಿ. ಮಗಳು ಬಾಗಿಲಲ್ಲೇ ನಿಂತು "ಪತ್ರಿಕೆ ಮುಗೀತಾ?" ಅಂತ ಕೇಳಿ ಆಮೇಲೆ ಒಳಗೆ ಬರುತ್ತಾಳೆ.

ಸದ್ಯಕ್ಕೆ ಒಂದೇ ನಿಯಮ ಇಟ್ಟುಕೊಳ್ಳಿ: ತಂಗಿಗೆ ಹೊಡೆಯುವ ಹಾಗಿಲ್ಲ. ಹೊಡೆದರೆ ಅವತ್ತು ಮೊಬೈಲ್ ಇಲ್ಲ. ನೀವು ಎಷ್ಟೇ ಸುಸ್ತಾಗಿದ್ದರೂ ಇಲ್ಲ. ಮೊದಲ ವಾರ ಕಿರುಚಾಟ ಇನ್ನೂ ಏರಬಹುದು, ಹೆದರಬೇಡಿ. ಸಣ್ಣಪುಟ್ಟ ಎದುರುತ್ತರ ಕೇಳಿಸದವರ ಹಾಗಿರಿ. ಸಂಜೆ ಹತ್ತು ನಿಮಿಷ ಅವನ ಜೊತೆ ಸುಮ್ನೆ ಕೂತು ಮಂಡಕ್ಕಿ ಮಿರ್ಚಿ ತಿನ್ನಿ. ಪಾಠದ ಮಾತು ಬೇಡ. ಸಾಲದ ವಿಷಯ ಅವನಿಗೆ ಗೊತ್ತಿಲ್ಲ ಅಂದುಕೊಂಡಿದ್ದೀರಿ. ಭಟ್ಟಿ ಮನೆಯ ಹುಡುಗನಿಗೆ ಫೋನಿನ ದನಿ ಕೇಳಿಸದೇ ಇರುತ್ತದೆಯೇ? "ದುಡ್ಡಿನ ತೊಂದರೆ ಇದೆ, ನಿನ್ನಿಂದ ಆಗಿದ್ದಲ್ಲ, ನಾವು ನೋಡ್ಕೋತೀವಿ" ಅಂತ ಹೇಳಿಬಿಡಿ.

ರಾತ್ರಿಯೆಲ್ಲ ನಿದ್ದೆಯಿಲ್ಲ, ಸುಮ್ಮನೆ ಅಳು ಬರುತ್ತದೆ ಎಂದು ಕೊನೆಯ ಪುಟದಲ್ಲಿ ಬರೆದಿದ್ದೀರಿ. ಅದಕ್ಕೂ ಔಷಧಿ ಇದೆ, ಮಾತು ಕೇಳುವವರೂ ಇದ್ದಾರೆ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಿ. ನಂಬರ್ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಸ್ಪೀಕರ್ ಹಾಕಿ.